ಮೂರನೇ ಸಲಕ್ಕೆ ಸಿಕ್ಕ ಸೀಟು

ಈಗ ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾದ ಎಷ್ಟೋ ಮನೆಗಳಲ್ಲಿ ಮಕ್ಕಳು ಕಾಲೇಜುಗಳ ಉತ್ತರಕ್ಕೆ ಕಾಯುತ್ತಿದ್ದಾರೆ. ಒಂದು ಕಡೆಯಿಂದ ‘ಇಲ್ಲ’ ಅಂತ ಬಂದರೂ ಸಾಕು, ಮನೆಯೆಲ್ಲ ಸಪ್ಪಗಾಗುತ್ತದೆ. ಅದಕ್ಕೇ ಈ ಸಲ ಇಲ್ಲೇ ಓಕ್‌ಲ್ಯಾಂಡ್‌ನಲ್ಲಿ ಬೆಳೆದ ಆರ್ಕಿಟೆಕ್ಟ್ ಜೂಲಿಯಾ ಮಾರ್ಗನ್ ಅವರ ಓದಿನ ದಿನಗಳ ಬಗ್ಗೆ ಬರೆಯೋಣ ಅನ್ನಿಸಿತು.

ಅವರು ಹುಟ್ಟಿದ್ದು 1872ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ನೆಂಟರ ಪೈಕಿ ನ್ಯೂಯಾರ್ಕ್‌ನ ಪಿಯರ್ ಲೆಬ್ರನ್ ಆರ್ಕಿಟೆಕ್ಟ್ ಆಗಿದ್ದರು. ಕಟ್ಟಡದ ಹುಚ್ಚು ಹತ್ತಿದ್ದು ಅವರಿಂದ. ಆದರೆ ಆಗ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ಕೋರ್ಸೇ ಇರಲಿಲ್ಲ. ಹಾಗಾಗಿ ಸಿವಿಲ್ ಇಂಜಿನಿಯರಿಂಗ್ ಸೇರಿದರು. ಎಷ್ಟೋ ಕ್ಲಾಸುಗಳಲ್ಲಿ ಅವರೊಬ್ಬರೇ ಹುಡುಗಿ. 1894ರಲ್ಲಿ ಪದವಿ ಮುಗಿಯಿತು. ಅಲ್ಲೇ ಸಿಕ್ಕ ಗುರು ಬರ್ನಾರ್ಡ್ ಮೇಬೆಕ್. ಆಸಕ್ತಿ ಇದ್ದವರಿಗೆ ಮನೆಯಲ್ಲೇ ಕೂರಿಸಿಕೊಂಡು ಆರ್ಕಿಟೆಕ್ಚರ್ ಹೇಳಿಕೊಡುತ್ತಿದ್ದರು. ತಾವು ಓದಿದ ಪ್ಯಾರಿಸ್‌ನ ಕಲಾಶಾಲೆ ಎಕೋಲ್ ದೆ ಬೋಜಾರ್‌ಗೆ ಹೋಗು ಅಂತ ಹುರಿದುಂಬಿಸಿದವರೂ ಅವರೇ.

1896ರಲ್ಲಿ ಮಾರ್ಗನ್ ಪ್ಯಾರಿಸ್‌ಗೆ ಹೊರಟರು. ಆ ಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು ಮರುವರ್ಷ. ಪ್ರವೇಶ ಪರೀಕ್ಷೆ ಕೊಟ್ಟವರಲ್ಲಿ ಸೀಟು ಮೊದಲ 30 ಮಂದಿಗೆ ಮಾತ್ರ. ಅವರಿಗೆ ಬಂದದ್ದು 42ನೇ ಸ್ಥಾನ. ಅಡಿ-ಇಂಚಿನಲ್ಲಿ ಕಲಿತವರಿಗೆ ಮೀಟರಿನ ಲೆಕ್ಕ ತೊಡಕಾಗಿತ್ತು. ನಮಗೆ ಇಲ್ಲಿ ಬಂದ ಹೊಸದರಲ್ಲಿ ಆಗಿದ್ದು ಅದರ ಉಲ್ಟಾ, ಅಲ್ವಾ! ಎರಡನೇ ಸಲವೂ ಸೀಟು ಸಿಗಲಿಲ್ಲ. ಹುಡುಗಿಯರಿಗೆ ಉತ್ತೇಜನ ಕೊಡಲು ಇಷ್ಟವಿಲ್ಲದೆ ಬೇಕೆಂತಲೇ ಅಂಕ ಕಡಿಮೆ ಮಾಡಿದರು ಎಂದು ಅವರಿಗೆ ಆಮೇಲೆ ಗೊತ್ತಾಯಿತು. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು. ಅವರು ಮಾತ್ರ ಗಂಟುಮೂಟೆ ಕಟ್ಟಲಿಲ್ಲ. 1898ರಲ್ಲಿ ಮೂರನೇ ಸಲ ಕೂತರು. ಈ ಸಲ 13ನೇ ಸ್ಥಾನ!

ಅಷ್ಟಕ್ಕೇ ಮುಗಿಯಲಿಲ್ಲ. 30 ವರ್ಷ ತುಂಬಿದರೆ ಆ ಶಾಲೆಯಲ್ಲಿ ಮುಂದುವರಿಯುವ ಹಾಗಿರಲಿಲ್ಲ. ಮೂರು ಪರೀಕ್ಷೆಗಳಲ್ಲೇ ವಯಸ್ಸು ಓಡಿತ್ತು. ಶ್ರೀಮಂತ ದಾನಿ ಫೀಬಿ ಹರ್ಸ್ಟ್ ಹಣದ ಸಹಾಯ ಮಾಡುತ್ತೇನೆ ಅಂದರೂ ನಯವಾಗಿ ಬೇಡವೆಂದು ದುಡಿದರು. 1902ರಲ್ಲಿ ಸರ್ಟಿಫಿಕೇಟು ಕೈಗೆ ಬಂತು. ಅಲ್ಲಿ ಆರ್ಕಿಟೆಕ್ಚರ್‌ನಲ್ಲಿ ಅದನ್ನು ಪಡೆದ ಮೊದಲ ಹೆಣ್ಣುಮಗಳು ಅವರು.

ಬರ್ಕ್ಲಿಯ ಇಂಜಿನಿಯರಿಂಗೂ ಸುಮ್ನೆ ಹೋಗಲಿಲ್ಲ. 1904ರಲ್ಲಿ ಓಕ್‌ಲ್ಯಾಂಡ್‌ನ ಮಿಲ್ಸ್ ಕಾಲೇಜಿಗೆ ಅವರು 72 ಅಡಿ ಎತ್ತರದ ಗಂಟೆಗೋಪುರ ಕಟ್ಟಿಸಿದರು. ಒಳಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು. ಈ ಕಡೆಯವರಿಗೆ ಅದು ಆಗ ಇನ್ನೂ ಹೊಸತು. 1906ರ ಏಪ್ರಿಲ್ 18ರ ಬೆಳಗಿನ ಜಾವ ಭೂಮಿ ನಡುಗಿ ಸ್ಯಾನ್ ಫ್ರಾನ್ಸಿಸ್ಕೋ ನೆಲಕಚ್ಚಿತು. ಗೋಪುರ ಅಲುಗಲಿಲ್ಲ. ಇವತ್ತೂ ಅಲ್ಲೇ ನಿಂತಿದೆ. ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.