ನಂಬರ್ ಹಾಕಿದ ಕಲ್ಲುಗಳು ಎಲ್ಲಿ ಹೋದವು?

ಸಂಪಾದಕರೇ,

ರಸ್ತೆಗೆ ಅಡ್ಡ ಬರುವ ಹಳೇ ಕಟ್ಟಡವನ್ನು ‘ಕಲ್ಲಿಗೆ ನಂಬರ್ ಹಾಕಿ ಬಿಚ್ಚಿ, ಬೇರೆ ಕಡೆ ಹಾಗೇ ಕಟ್ಟುತ್ತೇವೆ’ ಅಂತ ಹೇಳಿದರೆ ಸಾಕು, ನಾವು ಒಪ್ಪಿಕೊಂಡುಬಿಡುತ್ತೇವೆ. ಲಂಡನ್ನಿನಲ್ಲಿದ್ದ ಗೆರಾರ್ಡ್ಸ್ ಹಾಲ್ ಅನ್ನೋ ಹಳೇ ಕಲ್ಲಿನ ಮನೆಗೆ ಏನಾಯಿತು ಅಂತ ಗೊತ್ತಾದ ಮೇಲೆ ನನಗೆ ಆ ಮಾತಿನ ಮೇಲೆ ನಂಬಿಕೆ ಹೋಗಿದೆ.

ಸೇಂಟ್ ಪಾಲ್ಸ್ ಚರ್ಚಿನ ಪೂರ್ವಕ್ಕೆ ಬೇಸಿಂಗ್ ಲೇನ್ ಅಂತ ಒಂದು ಬೀದಿ ಇತ್ತು. ಅಲ್ಲಿ 13ನೇ ಶತಮಾನದಲ್ಲಿ ಗೀಸೋರ್ಸ್ ಮನೆತನದವರು ಈ ಕಲ್ಲಿನ ಮನೆ ಕಟ್ಟಿಸಿದರು. ವೈನ್ ವ್ಯಾಪಾರದ ದೊಡ್ಡ ಕುಳಗಳು ಅವರು, ಮೇಯರ್ ಆದವರೂ ಆ ಮನೆತನದಲ್ಲಿದ್ದರು. ನೆಲದಡಿ ಕಮಾನುಗಳ ನೆಲಮಾಳಿಗೆ, ಅದರ ಮೇಲೆ ಮನೆ. ಕಲ್ಲು ಬಂದದ್ದು ಸಮುದ್ರದಾಚೆ ಫ್ರಾನ್ಸಿನ ನಾರ್ಮಂಡಿಯಿಂದ.

ಇಷ್ಟೆಲ್ಲ ನಮಗೆ ತಿಳಿಯಲು ಮುಖ್ಯ ಕಾರಣ ಜಾನ್ ಸ್ಟೋ. ವೃತ್ತಿಯಲ್ಲಿ ದರ್ಜಿ, ಆದರೆ ಲಂಡನ್ನಿನ ಬೀದಿ ಬೀದಿ ತಿರುಗಿ 1598ರಲ್ಲಿ ಊರಿನ ಚರಿತ್ರೆಯನ್ನೇ ಅಚ್ಚು ಹಾಕಿಸಿದವನು. ಅಷ್ಟು ಹೊತ್ತಿಗೆ ಈ ಮನೆ ಪ್ರಯಾಣಿಕರು ತಂಗುವ ಛತ್ರವಾಗಿತ್ತು. ಒಳಗೆ 40 ಅಡಿ ಉದ್ದದ ಒಂದು ಮರದ ಕಂಬ ಸೂರಿನವರೆಗೂ ನಿಂತಿತ್ತು. ಇಲ್ಲಿ ಗೆರಾರ್ಡ್ ಅನ್ನೋ ದೈತ್ಯ ಇದ್ದ, ಯುದ್ಧಕ್ಕೆ ಅವನು ಹಿಡಿದು ಹೋಗುತ್ತಿದ್ದ ಕೋಲು ಇದು ಅಂತ ಜನ ಹೇಳುತ್ತಿದ್ದರು. ಸ್ಟೋ ಛತ್ರದವನನ್ನು ಕೇಳಿದರೆ, ಹೋಗಿ ದೊಡ್ಡ ಚರಿತ್ರೆ ಪುಸ್ತಕ ಓದು ಅಂದನಂತೆ. ಸ್ಟೋ ಬಿಡಲಿಲ್ಲ. ಹಳೇ ದಾಖಲೆ ಹುಡುಕಿ, ದೈತ್ಯನೂ ಇಲ್ಲ ಗೆರಾರ್ಡೂ ಇಲ್ಲ, ಇದು ಗೀಸೋರ್ಸ್‌ರ ಮನೆ, ಆ ಕಂಬ ಬಹುಶಃ ಹಬ್ಬದ ದಿನ ಬಾಗಿಲ ಮುಂದೆ ನೆಟ್ಟು ಅಲಂಕಾರ ಮಾಡುತ್ತಿದ್ದದ್ದು ಅಂತ ಬರೆದ.

1666ರ ಮಹಾಬೆಂಕಿಯಲ್ಲಿ ಮೇಲಿನ ಮನೆ ಸುಟ್ಟುಹೋಯಿತು. ನೆಲಮಾಳಿಗೆ ಉಳಿಯಿತು. ಅದರ ಮೇಲೆ ಮತ್ತೆ ಛತ್ರ ಎದ್ದಿತು, ಬಾಗಿಲಲ್ಲಿ ದೈತ್ಯನ ಮರದ ಬೊಂಬೆಯೂ ನಿಂತಿತು. ಊರು ಸುಟ್ಟ ಬೆಂಕಿಗೂ ಜಗ್ಗದ ಆ ಕಮಾನುಗಳನ್ನು 1852ರಲ್ಲಿ ಕ್ಯಾನನ್ ಸ್ಟ್ರೀಟ್ ರಸ್ತೆಗಾಗಿ ಕಿತ್ತುಹಾಕಿದರು. ಒಂದೊಂದು ಕಲ್ಲಿಗೂ ನಂಬರ್ ಹಾಕಿ, ಮತ್ತೆ ಜೋಡಿಸಲೆಂದು ಕ್ರಿಸ್ಟಲ್ ಪ್ಯಾಲೆಸ್ ಅನ್ನೋ ಗಾಜಿನ ಅರಮನೆಯ ಕಂಪನಿಗೆ ಕೊಟ್ಟರು. ಜೋಡಿಸಲೇ ಇಲ್ಲ.

ನನಗೆ ಜಾಸ್ತಿ ಬೇಜಾರಾಗೋದು ಇಲ್ಲೇ. ಅದೇ ಕಂಪನಿ ಅದೇ ವರ್ಷಗಳಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿದ್ದ ಅಷ್ಟು ದೊಡ್ಡ ಗಾಜಿನ ಅರಮನೆಯನ್ನೇ ಬಿಚ್ಚಿ ಊರಿನ ದಕ್ಷಿಣದ ಸಿಡೆನ್‌ಹ್ಯಾಮಿಗೆ ಸಾಗಿಸಿ, ಮೊದಲಿಗಿಂತ ದೊಡ್ಡದಾಗಿ ಕಟ್ಟಿ 1854ರಲ್ಲಿ ತೆರೆಯಿತು. ಅಂದರೆ ಕೈಲಾಗದ ಕೆಲಸವೇನಲ್ಲ, ಅಲ್ವಾ? ಗಾಜಿನ ಅರಮನೆಗೆ ಟಿಕೆಟ್ ಕೊಟ್ಟು ಬರುವ ಜನ ಇದ್ದರು. ಹಳೇ ನೆಲಮಾಳಿಗೆಯ ಪರವಾಗಿ ಪಟ್ಟು ಹಿಡಿದು ಕೇಳುವವರು ಇರಲಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಯಾವುದೇ ಹಳೇ ಗುಡಿ, ಮಂಟಪ, ಮನೆಯನ್ನು ‘ಸ್ಥಳಾಂತರ ಮಾಡುತ್ತೇವೆ’ ಅನ್ನೋ ಸುದ್ದಿ ಹಾಕುವಾಗ ಜಾಗ ಗೊತ್ತಾಗಿದೆಯಾ, ದುಡ್ಡು ತೆಗೆದಿಟ್ಟಿದ್ದಾರಾ, ಯಾವ ತಾರೀಖಿನೊಳಗೆ ಕಟ್ಟುತ್ತಾರೆ ಅಂತ ವರದಿಗಾರರು ಕೇಳಿ ಬರೆಯಲಿ. ಆ ತಾರೀಖು ಬಂದ ದಿನ ಮತ್ತೊಮ್ಮೆ ಹೋಗಿ ನೋಡಿ ಬರೆಯಲಿ.

ನಿಮ್ಮ ಓದುಗ