ಗೀಸರ್ ಸರ್ವಿಸ್ ಒಪ್ಪಂದ ಬದಲಾಗುತ್ತಿದೆ, ದಯವಿಟ್ಟು ಪೂರ್ತಿ ಓದಿ

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಮುಂದಿನ ತಿಂಗಳಿಂದ ನಮ್ಮ ವರ್ಷದ ಒಪ್ಪಂದದಲ್ಲಿ ಆನೋಡ್ ರಾಡ್ (ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗೆ ಇಡುವ ಸರಳು) ಸೇರಿರುವುದಿಲ್ಲ. ಬದಲಿಸಬೇಕಾಗಿ ಬಂದರೆ ಅದರ ಹಣ ಬೇರೆ. ಎರಡನೆಯದು, "ಕರೆಂಟ್ ಬಿಲ್ ಜಾಸ್ತಿ ಬಂದಿದೆ, ಬಂದು ನೋಡಿ" ಎಂದು ಕರೆದರೆ ವರ್ಷಕ್ಕೆ ಒಂದು ಸಲ ಮಾತ್ರ ಪುಕ್ಕಟೆ ಬರುತ್ತೇವೆ. ನೀರು ಸೋರಿದರೆ, ಶಾಕ್ ಹೊಡೆದರೆ, ನೀರು ಕಾಯದಿದ್ದರೆ ಎಷ್ಟು ಸಲ ಕರೆದರೂ ಮೊದಲಿನ ಹಾಗೇ ಬರುತ್ತೇವೆ.

ನಿಮಗೆ ಬೇಜಾರಾಗುತ್ತದೆ ಅಂತ ಗೊತ್ತು, ಕ್ಷಮಿಸಿ. ಆದರೆ ಯಾಕೆ ಅಂತ ಹೇಳುವ ಹಕ್ಕು ನಮಗೂ ಇದೆ ಅಲ್ವಾ?

ಮೊದಲು ರಾಡ್ ವಿಷಯ. ಟ್ಯಾಂಕಿನ ಉಕ್ಕಿಗೆ ತುಕ್ಕು ಹಿಡಿಯಬಾರದು ಅಂತ ಒಳಗೆ ಮೆಗ್ನೀಷಿಯಂ ಸರಳು ಇಟ್ಟಿರುತ್ತಾರೆ. ಟ್ಯಾಂಕಿನ ಬದಲು ಅದು ಸವೆಯುತ್ತದೆ. ಎಷ್ಟು ಬೇಗ ಸವೆಯುತ್ತದೆ ಎನ್ನುವುದು ನೀರಿನ ಮೇಲೆ ಹೋಗುತ್ತದೆ. ಲವಣ ಜಾಸ್ತಿ ಇದ್ದರೆ, ನೀರನ್ನು ತುಂಬಾ ಬಿಸಿ ಇಟ್ಟರೆ, ಬೇಗ. ಒಬ್ಬರ ಮನೆಯಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿರುತ್ತದೆ, ಇನ್ನೊಬ್ಬರ ಮನೆಯಲ್ಲಿ ಮುಂದಿನ ಸರ್ವಿಸ್ ಹೊತ್ತಿಗೆ ನಡುವಿನ ತಂತಿ ಮಾತ್ರ ಉಳಿದಿರುತ್ತದೆ. ಇಷ್ಟು ದಿನ ಎಲ್ಲರ ಖರ್ಚನ್ನೂ ಒಟ್ಟು ಹಾಕಿ ಎಲ್ಲರಿಗೂ ಹಂಚುತ್ತಿದ್ದೆವು. ಅಂದರೆ ಒಳ್ಳೆ ನೀರಿನವರು ಕೆಟ್ಟ ನೀರಿನವರ ರಾಡ್‌ಗೂ ಕೊಡುತ್ತಿದ್ದರು. ಇಷ್ಟಾದರೂ "ರಾಡ್‌ನಲ್ಲೇ ಲಾಭ ಹೊಡೀತಾರೆ" ಅನ್ನಿಸಿಕೊಂಡಿದ್ದು ನಾವೇ. ಇನ್ನು ಮೇಲೆ ಹಳೆ ರಾಡ್ ಬಿಚ್ಚಿ ನಿಮ್ಮ ಕೈಗೇ ಕೊಡುತ್ತೇವೆ. ಮೆಗ್ನೀಷಿಯಂ ಇನ್ನೂ ದಪ್ಪ ಇದ್ದರೆ ಅದನ್ನೇ ವಾಪಸ್ ಹಾಕುತ್ತೇವೆ, ತಂತಿ ಕಂಡರೆ ಮಾತ್ರ ಹೊಸದು.

ನಿಮ್ಮಲ್ಲಿ ಬಹುಪಾಲು ಜನ ಬಾಡಿಗೆ ಫ್ಲ್ಯಾಟಿನವರು. ಟ್ಯಾಂಕ್ ಓನರ್‌ದು, ಕರೆಂಟ್ ಬಿಲ್ ನಿಮ್ಮದು. ಟ್ಯಾಂಕ್ ಉಳಿಸುವ ರಾಡ್‌ಗೆ ನಾನ್ಯಾಕೆ ಕೊಡಬೇಕು ಅಂತ ನೀವು ಕೇಳಿದರೆ ತಪ್ಪೇನಿಲ್ಲ. ಅದಕ್ಕೇ ರಾಡ್‌ನ ರಸೀದಿಯನ್ನು ಬೇಕಾದರೆ ಓನರ್ ಹೆಸರಿಗೇ ಬರೆದು, ಹಳೇ ರಾಡ್‌ನ ಫೋಟೋ ಸಮೇತ ಕೊಡುತ್ತೇವೆ. ಅವರ ಹತ್ತಿರ ಮಾತಾಡುವುದು ಮಾತ್ರ ನಿಮಗೇ ಬಿಟ್ಟದ್ದು.

"ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ?" ಎನ್ನುವವರಿಗೂ ಒಂದು ಮಾತು. ಬಿಚ್ಚುವುದು ಹತ್ತು ನಿಮಿಷ ಇರಬಹುದು. ಅದಕ್ಕೂ ಮೊದಲು ಮೇನ್ ಆಫ್ ಮಾಡಿ, ಟ್ಯಾಂಕ್ ಖಾಲಿ ಮಾಡಿ, ತಳದ ಕೆಸರು ತೆಗೆದು, ಪ್ರತಿ ಸಲವೂ ಹೊಸ ಗ್ಯಾಸ್ಕೆಟ್ (ನೀರು ಸೋರದಂತೆ ತಡೆಯುವ ರಬ್ಬರ್ ಬಳೆ) ಹಾಕಿ, ಮತ್ತೆ ನೀರು ತುಂಬಿಸಿ, ಗಾಳಿ ಪೂರ್ತಿ ಹೊರಗೆ ಹೋಯಿತಾ ಅಂತ ನೋಡಿದ ಮೇಲೇ ಸ್ವಿಚ್ ಹಾಕಬೇಕು. ಹಳೇ ಗ್ಯಾಸ್ಕೆಟ್ಟನ್ನೇ ಒತ್ತಿ ಕೂರಿಸಿದರೆ ಹಣ ಉಳಿಯುತ್ತದೆ ನಿಜ, ಆಮೇಲೆ ಕೆಳಗಿನ ಮನೆಯವರ ಸೀಲಿಂಗ್ ಒದ್ದೆಯಾಗುತ್ತದೆ. ಆ ಕೆಲಸ ನಾವು ಮಾಡಿಲ್ಲ, ಮಾಡುವುದೂ ಇಲ್ಲ.

ಈಗ ನಾವು ಕೇಳಿ ಕೇಳಿ ಸುಸ್ತಾಗಿರುವ ದೂರು: "ನಿಮ್ಮ ಹುಡುಗರು ಸರ್ವಿಸ್ ಮಾಡಿ ಹೋದ ಮೇಲೇ ಬಿಲ್ ಏರಿತು."

ಸ್ವಲ್ಪ ಲೆಕ್ಕ ನೋಡಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.16 ವಾಟ್-ಅವರ್ ಕರೆಂಟ್ ಬೇಕು (1000 ವಾಟ್-ಅವರ್ ಅಂದರೆ ಬಿಲ್ಲಿನ 1 ಯೂನಿಟ್). ಯಾವ ಕಂಪನಿಯ ಗೀಸರ್ ಆದರೂ ಇದು ಬದಲಾಗುವುದಿಲ್ಲ. 25 ಲೀಟರಿನ ಟ್ಯಾಂಕಿಗೆ 25 ಡಿಗ್ರಿಯ ನೀರು ಬಂದು 60 ಡಿಗ್ರಿಗೆ ಕಾಯಲು ಹತ್ತಿರ ಹತ್ತಿರ 1 ಯೂನಿಟ್. ಅದೇ ನೀರು ಚಳಿಗಾಲದಲ್ಲಿ 10 ಡಿಗ್ರಿಯಲ್ಲಿ ಬಂದರೆ ಸುಮಾರು 1.45 ಯೂನಿಟ್. ಅದೇ ಗೀಸರ್, ಅಷ್ಟೇ ನೀರು, ಖರ್ಚು ಮಾತ್ರ ಶೇಕಡ 40ಕ್ಕೂ ಜಾಸ್ತಿ. ಇನ್ನು ನೀವು ನಮ್ಮನ್ನು ಸರ್ವಿಸ್‌ಗೆ ಕರೆಯುವುದು ಯಾವಾಗ? ಚಳಿ ಶುರುವಾಗುವಾಗ. ಮುಂದಿನ ಬಿಲ್ಲಿನಲ್ಲಿ ಕಾಣುವುದು ನಮ್ಮ ಸ್ಪ್ಯಾನರಿನ ಕೆಲಸ ಅಲ್ಲ, ತಣ್ಣಗಾದ ನಲ್ಲಿ ನೀರು. ಜೊತೆಗೆ ಚಳಿಯಲ್ಲಿ ಶವರ್ ಕೆಳಗೆ ಎಲ್ಲರೂ ಇನ್ನೊಂದೆರಡು ನಿಮಿಷ ಜಾಸ್ತಿ ನಿಲ್ಲುತ್ತೇವೆ, ನಾವೂ ಸೇರಿ.

"3 ಕಿಲೋವಾಟ್ ಕಾಯಿಲ್ ಹಾಕಿಬಿಟ್ಟಿರಿ, ಅದಕ್ಕೇ" ಎನ್ನುವುದು ಇನ್ನೊಂದು ದೂರು (ಕಾಯಿಲ್ ಅಂದರೆ ನೀರು ಕಾಯಿಸುವ ಸುರುಳಿ). 2 ಕಿಲೋವಾಟ್‌ನಲ್ಲಿ 35 ನಿಮಿಷ ಹಿಡಿಯುವುದು 3 ಕಿಲೋವಾಟ್‌ನಲ್ಲಿ 23 ನಿಮಿಷಕ್ಕೆ ಮುಗಿಯುತ್ತದೆ. ಯೂನಿಟ್ ಅಷ್ಟೇ. ವ್ಯತ್ಯಾಸ ಇರುವುದು ವೈರಿಂಗ್ ಮೇಲೆ ಬೀಳುವ ಹೊರೆಯಲ್ಲಿ.

ನಮ್ಮ ವ್ಯಾಪಾರಕ್ಕೆ ವಿರುದ್ಧದ ಮಾತೊಂದನ್ನೂ ಹೇಳುತ್ತೇವೆ. ಕಾಯಿಲ್ ಮೇಲೆ ಸುಣ್ಣ ಕಟ್ಟಿದರೆ ಬಿಲ್ ಎರಡರಷ್ಟಾಗುತ್ತದೆ ಅಂತ ಹೆದರಿಸಿ ಸರ್ವಿಸ್ ಮಾರುವವರು ಇದ್ದಾರೆ. ಅದು ಸುಳ್ಳು. ಕಾಯಿಲ್ ನೀರೊಳಗೇ ಮುಳುಗಿರುತ್ತದೆ, ಅದರ ಬಿಸಿ ತಡವಾಗಿಯಾದರೂ ನೀರಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ಸುಣ್ಣದಿಂದ ಆಗುವ ನಷ್ಟ ಬೇರೆ: ಕಾಯಿಲ್ ಮಿತಿಮೀರಿ ಕಾದು ಸುಟ್ಟುಹೋಗುತ್ತದೆ, ನೀರು ಬೇಕಾದಷ್ಟು ಕಾದ ಮೇಲೆ ಕಾಯಿಲ್ ಆಫ್ ಮಾಡುವ ಥರ್ಮೋಸ್ಟಾಟಿಗೆ ನೀರಿನ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ನಮ್ಮನ್ನು ಅದಕ್ಕಾಗಿ ಕರೆಯಿರಿ. ಸುಮ್ನೆ ಬಿಲ್ ಇಳಿಯುತ್ತದೆ ಅಂತ ಕರೆಯಬೇಡಿ.

ಬಿಲ್ ಇಳಿಸುವ ದಾರಿ ಹೆಚ್ಚಿನದು ನಿಮ್ಮ ಕೈಯಲ್ಲೇ ಇದೆ, ಓನರ್ ಒಪ್ಪಿಗೆಯೂ ಬೇಡ. ದಿನವಿಡೀ ಆನ್ ಇಟ್ಟರೆ ಉಳಿತಾಯ ಎನ್ನುವುದನ್ನು ಮೊದಲು ಮರೆತುಬಿಡಿ. ಟ್ಯಾಂಕ್ ಬಿಸಿ ಇದ್ದಷ್ಟು ಹೊತ್ತೂ ಬಿಸಿ ಕಳೆದುಕೊಳ್ಳುತ್ತಲೇ ಇರುತ್ತದೆ, ಅದನ್ನು ತುಂಬಲು ಕಾಯಿಲ್ ಮತ್ತೆ ಮತ್ತೆ ಹತ್ತಿಕೊಳ್ಳುತ್ತದೆ. ಹಾಗಂತ ಹತ್ತು ನಿಮಿಷಕ್ಕೊಮ್ಮೆ ಸ್ವಿಚ್ ಹಾಕಿ ತೆಗೆದರೆ ಏನೂ ಸಿಗುವುದಿಲ್ಲ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಕೊನೆಯವರು ಒಳಗೆ ಹೋಗುವ ಮುಂಚೆ ಆಫ್ ಮಾಡಲಿ, ಇಲ್ಲದಿದ್ದರೆ ಅವರ ಹಿಂದೆ ತುಂಬುವ ತಣ್ಣೀರು ಯಾರಿಗೂ ಬೇಡದೆ ಬಿಸಿಯಾಗುತ್ತದೆ. ಮರೆಯುವವರು ಟೈಮರ್ ಹಾಕಿಸಿ, ಆದರೆ 16 ಆಂಪಿಯರ್‌ನದೇ ಇರಲಿ. 230 ವೋಲ್ಟ್‌ನಲ್ಲಿ 3 ಕಿಲೋವಾಟ್ ಅಂದರೆ 13 ಆಂಪಿಯರ್, ಸಣ್ಣ ಟೈಮರ್ ಕರಗಿಹೋಗುತ್ತದೆ. ಎಕ್ಸ್‌ಟೆನ್ಶನ್ ಬೋರ್ಡ್ ಅಂತೂ ಬೇಡವೇ ಬೇಡ.

ಕೈ ತೊಳೆಯುವಾಗ ಮಿಕ್ಸರ್ ನಲ್ಲಿಯ ಹಿಡಿ ಪೂರ್ತಿ ತಣ್ಣೀರಿನ ಕಡೆಗಿರಲಿ. ನಡುವೆ ಇದ್ದರೆ ಬಿಸಿನೀರು ಪೈಪಿಗೆ ಬಂದು, ನಿಮ್ಮ ಕೈಗೆ ತಲುಪುವ ಮೊದಲೇ ನೀವು ನಲ್ಲಿ ನಿಲ್ಲಿಸಿರುತ್ತೀರಿ. 15 ಮಿಲಿಮೀಟರ್ ಒಳ ಅಳತೆಯ 10 ಮೀಟರ್ ಪೈಪಿನಲ್ಲಿ ಸುಮಾರು 1.75 ಲೀಟರ್ ನೀರು ಹೀಗೇ ತಣ್ಣಗಾಗುತ್ತದೆ. ಕಡಿಮೆ ನೀರು ಬಿಡುವ ಶವರ್ ಹೆಡ್ ಹಾಕಿಕೊಂಡರೆ ಹಳೆಯದನ್ನು ಎತ್ತಿಡಿ, ಮನೆ ಖಾಲಿ ಮಾಡುವಾಗ ಅದನ್ನು ತಿರುಗಿ ಹಾಕಿ ನಿಮ್ಮದನ್ನು ತೆಗೆದುಕೊಂಡು ಹೋಗಬಹುದು.

ಥರ್ಮೋಸ್ಟಾಟನ್ನು ನಾವು 60ಕ್ಕೆ ಇಟ್ಟು ಬರುತ್ತೇವೆ. 75 ಕೇಳುವವರಿದ್ದಾರೆ, 45 ಕೇಳುವವರೂ ಇದ್ದಾರೆ, ಎರಡಕ್ಕೂ ನಾವು ಒಪ್ಪುವುದಿಲ್ಲ. 75ರಲ್ಲಿ ಸುಣ್ಣ ಬೇಗ ಕಟ್ಟುತ್ತದೆ, ಬಿಸಿ ಜಾಸ್ತಿ ಸೋರುತ್ತದೆ, ಮಕ್ಕಳ ಕೈ ಸುಡುತ್ತದೆ. 45 ಅಥವಾ ಅದಕ್ಕಿಂತ ಕಡಿಮೆ ಬಿಸಿಯಲ್ಲಿ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದು ಶ್ವಾಸಕೋಶಕ್ಕೆ ಹೋಗುವಂಥದ್ದು. 60 ಡಿಗ್ರಿಯೂ ತಣ್ಣೀರು ಬೆರೆಸದೆ ಮೈಮೇಲೆ ಹಾಕಿಕೊಳ್ಳುವ ನೀರಲ್ಲ, ನೆನಪಿರಲಿ.

ಸೇಫ್ಟಿ ವಾಲ್ವ್‌ನಿಂದ ಹನಿ ಬೀಳುತ್ತಿದೆ ಅಂತ ತುಂಬಾ ಕರೆ ಬರುತ್ತವೆ. ನೀರು ಕಾಯುವಾಗ ಮಾತ್ರ ಬಿದ್ದರೆ ಅದು ಸರಿಯಾಗಿಯೇ ಇದೆ. ಬಿಸಿಯಾದ ನೀರು ಹಿಗ್ಗುತ್ತದೆ, ಜಾಗ ಬೇಕು. ದಯವಿಟ್ಟು ಅದಕ್ಕೆ ಬಿರಡೆ ಹಾಕಬೇಡಿ, ಟ್ಯಾಂಕ್ ಒಡೆಯಬಹುದು. ಆಫ್ ಇದ್ದಾಗಲೂ ಬೀಳುತ್ತಲೇ ಇದ್ದರೆ ನಮ್ಮನ್ನು ಕರೆಯಿರಿ, ಅದು ಪುಕ್ಕಟೆಯೇ.

ಈಗಾಗಲೇ ಹಣ ಕಟ್ಟಿರುವವರಿಗೆ ಅವರ ಒಪ್ಪಂದ ಮುಗಿಯುವ ತನಕ ಹಳೇ ಲೆಕ್ಕವೇ, ರಾಡ್ ಕೂಡ ಸೇರಿ. ನಡುವೆ ಫ್ಲ್ಯಾಟ್ ಬದಲಿಸಿದರೆ ಉಳಿದ ತಿಂಗಳುಗಳು ನಿಮ್ಮ ಜೊತೆ ಹೊಸ ಮನೆಗೆ ಬರುತ್ತವೆ, ಆ ಮನೆಯ ಗೀಸರ್ ಯಾವ ಕಂಪನಿಯದಾದರೂ ಸರಿ. ಒಂದು ಮೆಸೇಜ್ ಹಾಕಿ ಸಾಕು. ಯಾವಾಗಲೂ ಬರುವ ಹುಡುಗರೇ ಬರುತ್ತಾರೆ.

ಇಂತಿ ನಿಮ್ಮ,
ಗೀಸರ್ ಸರ್ವಿಸ್‌ನವರು