ಹೊಸೂರಿನಲ್ಲಿ ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಅತ್ತಿಬೆಲೆ ದಾಟಿದರೆ ಫ್ಲ್ಯಾಟ್ ಅಗ್ಗ, ಸುತ್ತ ಕಾರ್ಖಾನೆಗಳಿರುವುದರಿಂದ ಬಾಡಿಗೆದಾರರಿಗೆ ಬರವಿಲ್ಲ ಎಂಬ ಮಾತು ನಂಬಿ ಬೆಂಗಳೂರು, ಆನೇಕಲ್ ಭಾಗದ ಸಂಬಳದಾರರು ಬಾಡಿಗೆಗೆ ಕೊಡಲೆಂದು ತಮ್ಮ ಮೊದಲ ಮನೆಯನ್ನು ಗಡಿಯಾಚೆ ತಮಿಳುನಾಡಿನ ಹೊಸೂರಿನಲ್ಲಿ ಕೊಳ್ಳಲು ಹೊರಡುತ್ತಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟನ್, ಈಚೆಗೆ ಟಾಟಾ ಎಲೆಕ್ಟ್ರಾನಿಕ್ಸ್ ಅಲ್ಲಿವೆ. ಆದರೆ ಚೆಕ್‌ಪೋಸ್ಟ್ ದಾಟಿದ ಕೂಡಲೇ ದಾಖಲೆಗಳು, ಶುಲ್ಕ, ಬಾಡಿಗೆ ಕಾನೂನು, ಕರೆಂಟ್ ಬಿಲ್ಲಿನ ಅವಧಿ ಎಲ್ಲವೂ ಬೇರೆಯಾಗುತ್ತವೆ. ಬೆಂಗಳೂರಿನಲ್ಲಿ ಕಲಿತ ಲೆಕ್ಕವನ್ನೇ ಅಲ್ಲಿಗೂ ಹೊತ್ತುಕೊಂಡು ಹೋದವರು ಎಡವುವುದು ಇಲ್ಲೇ.

ಮೊದಲು ಹಣದ ಮಾತು. 50 ಲಕ್ಷ ರೂಪಾಯಿಗೆ ಮರುಮಾರಾಟಕ್ಕೆ ಬಂದ 2 ಬೆಡ್‌ರೂಮ್ ಫ್ಲ್ಯಾಟ್, ತಿಂಗಳಿಗೆ 16,000 ಬಾಡಿಗೆ ಎಂದಿಟ್ಟುಕೊಳ್ಳಿ. ದಲ್ಲಾಳಿ ತೋರಿಸುವ ಲೆಕ್ಕ ವರ್ಷಕ್ಕೆ 1,92,000, ಅಂದರೆ 3.84%. ಇದರಲ್ಲಿ ನೋಂದಣಿಯ ಖರ್ಚೇ ಇಲ್ಲ. ತಮಿಳುನಾಡಿನಲ್ಲಿ ಮರುಮಾರಾಟದ ಮನೆಗೆ ಮುದ್ರಾಂಕ ಶುಲ್ಕ 7%, ನೋಂದಣಿ ಶುಲ್ಕ 2%, ಒಟ್ಟು 4.5 ಲಕ್ಷ. ನಮ್ಮಲ್ಲಿ ಸೆಸ್, ಸರ್ಚಾರ್ಜ್ ಎಲ್ಲ ಸೇರಿ ಸುಮಾರು 7.6% ಆಗುತ್ತದೆ. ವಕೀಲರ ಶುಲ್ಕ, ಬಣ್ಣ, ಫ್ಯಾನು, ಗೀಸರು, ಅಡುಗೆಮನೆಯ ಕಪಾಟು ಅಂತ ಇನ್ನೊಂದೂವರೆ ಲಕ್ಷ ಸೇರಿಸಿದರೆ ನಿಮ್ಮ ಕೈಯಿಂದ ಹೋದದ್ದು 56 ಲಕ್ಷ.

ಇನ್ನು ಆದಾಯ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಎಂದು ಹಿಡಿಯಲೇಬೇಕು; ಕೈಗೆ ಬರುವುದು 1,76,000. ಅದರಲ್ಲಿ ಸಂಘದ ನಿರ್ವಹಣೆ ಶುಲ್ಕ 24,000, ಆಸ್ತಿ ತೆರಿಗೆ 6,000, ರಿಪೇರಿಗೆ 15,000, ದಲ್ಲಾಳಿಗೆ ವರ್ಷದ ಪಾಲು 8,000, ಊರಿನಲ್ಲಿದ್ದು ಮನೆ ನೋಡಿಕೊಳ್ಳುವವರಿಗೆ 14,000 ಕಳೆಯಿರಿ. ಉಳಿಯುವುದು 1,09,000. ಹಾಕಿದ 56 ಲಕ್ಷಕ್ಕೆ ಇದು 2% ಕೂಡ ಅಲ್ಲ. ಈ ಅಂಕಿಗಳು ಉದಾಹರಣೆಗೆ ಮಾತ್ರ. ನೀವು ನೋಡುತ್ತಿರುವ ಮನೆಯ ಅಂಕಿಗಳನ್ನು ಇದೇ ಸಾಲಿನಲ್ಲಿ ಬರೆದು ನೋಡಿ. ಒಂದು ಸಾಲನ್ನೂ ಬಿಡಬೇಡಿ.

ಸಾಲ ಮಾಡಿ ಕೊಳ್ಳುವವರಿಗೆ ಹೊರೆ ಇನ್ನೂ ಹೆಚ್ಚು. 40 ಲಕ್ಷ ಸಾಲ, 20 ವರ್ಷ, 8.5% ಬಡ್ಡಿಗೆ ಕಂತು ಸುಮಾರು 34,700. ಖರ್ಚು ಕಳೆದ ಬಾಡಿಗೆ ತಿಂಗಳಿಗೆ 9,000 ಚಿಲ್ಲರೆ. ಅಂದರೆ ಪ್ರತಿ ತಿಂಗಳೂ 25,000ಕ್ಕೂ ಹೆಚ್ಚು ಹಣ ಸಂಬಳದಿಂದಲೇ ಹೋಗಬೇಕು. ತೆರಿಗೆಯಲ್ಲಿ ಉಳಿಯುತ್ತದಲ್ಲ ಎನ್ನುವವರು ಆದಾಯ ತೆರಿಗೆಯ ಹಳೆಯ, ಹೊಸ ಪದ್ಧತಿಗಳಲ್ಲಿ ತಾವು ಯಾವುದರಲ್ಲಿದ್ದೇವೆ ಎಂದು ನೋಡಿಕೊಳ್ಳಲಿ. ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ 30% ಕಡಿತ ಎಲ್ಲರಿಗೂ ಸಿಗುತ್ತದೆ. ರಿಪೇರಿ, ನಿರ್ವಹಣೆಯ ಖರ್ಚೆಲ್ಲ ಆ 30%ರೊಳಗೇ ಬಂತು. ಬಡ್ಡಿಯಿಂದಾಗುವ ನಷ್ಟವನ್ನು ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಆದಾಯದ ಎದುರು ಹೊಂದಿಸಿಕೊಳ್ಳಬಹುದು. ಹೊಸ ಪದ್ಧತಿಯಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಬಾಡಿಗೆ ಇಷ್ಟೇ ಆದರೂ ಬೆಲೆ ಏರುತ್ತದೆ ಎಂಬ ವಾದ ಬರುತ್ತದೆ. ಮೆಟ್ರೊ, ವಿಮಾನ ನಿಲ್ದಾಣದ ಹೆಸರೂ ಜೊತೆಗೇ ಬರುತ್ತದೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆದದ್ದು ಬೊಮ್ಮಸಂದ್ರದವರೆಗೆ ಮಾತ್ರ. ಹೊಸೂರಿಗೆ ವಿಮಾನ ನಿಲ್ದಾಣ ತರುವುದಾಗಿ ತಮಿಳುನಾಡು ಸರ್ಕಾರ 2024ರಲ್ಲಿ ಪ್ರಕಟಿಸಿದೆ ನಿಜ. ಆದರೆ ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಲ್ಲಿ ಮೈಸೂರು, ಹಾಸನ ಬಿಟ್ಟರೆ 150 ಕಿಲೋಮೀಟರ್ ಒಳಗೆ ಇನ್ನೊಂದಕ್ಕೆ 2033ರವರೆಗೆ ತಡೆಯಿದೆ. ಬಾರದ ರೈಲು, ಹಾರದ ವಿಮಾನಕ್ಕೆ ಇಂದೇ ಬೆಲೆ ಕೊಡುವುದು ಬೇಡ.

ದಾಖಲೆಗಳಿಗೆ ಬರೋಣ. ಅಲ್ಲಿ ಖಾತಾ, ಪಹಣಿ ಕೇಳಿದರೆ ಪ್ರಯೋಜನವಿಲ್ಲ. ಜಮೀನು ಯಾರ ಹೆಸರಿನಲ್ಲಿದೆ ಎಂಬುದಕ್ಕೆ ಪಟ್ಟಾ, ಅಳತೆಗೆ ಎಫ್‌ಎಂಬಿ (ಸರ್ವೆ ಇಲಾಖೆಯ ಅಳತೆ ಪುಸ್ತಕದ) ನಕ್ಷೆ, ಪಟ್ಟಣದ ಸರ್ವೆ ಆಗಿದ್ದರೆ ಟಿಎಸ್‌ಎಲ್‌ಆರ್ ಅಂದರೆ ಪಟ್ಟಣ ಸರ್ವೆ ಜಮೀನು ವಹಿಯ ಪ್ರತಿ ಬೇಕು. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲ ತೋರಿಸುವ ಋಣಭಾರ ಪತ್ರವನ್ನು (ಇ.ಸಿ.) ನೋಂದಣಿ ಇಲಾಖೆಯ ಟಿಎನ್‌ರೆಜಿನೆಟ್ ತಾಣದಲ್ಲಿ ನೀವೇ ತೆಗೆದು ನೋಡಬಹುದು. ಕನಿಷ್ಠ 30 ವರ್ಷದ್ದನ್ನು ನೋಡಿ. ಮೂಲಪತ್ರದಿಂದ ಇಂದಿನವರೆಗೆ ಸರಪಳಿ ಎಲ್ಲೂ ತುಂಡಾಗಿರಬಾರದು. ಪಟ್ಟಾದಲ್ಲಿರುವ ಸರ್ವೆ ಉಪವಿಭಾಗದ ಸಂಖ್ಯೆಯೂ ಕ್ರಯಪತ್ರದಲ್ಲಿರುವುದೂ ಒಂದೇ ಆಗಿರಬೇಕು. ಜಮೀನು ಪೊರಂಬೋಕು (ಸರ್ಕಾರಿ ಜಾಗ), ಕೆರೆ, ಹಳ್ಳ, ದೇವಸ್ಥಾನದ ಆಸ್ತಿ ಅಲ್ಲ ಎಂದು ಖಚಿತಪಡಿಸಿಕೊಳ್ಳಿ. ಬ್ರಿಟಿಷರ ಕಾಲದಲ್ಲಿ ದಲಿತರಿಗೆ ಹಂಚಿದ ‘ಪಂಚಮಿ’ ಜಮೀನಿನ ಬಗ್ಗೆ ವಿಶೇಷ ಎಚ್ಚರ ಬೇಕು. ಅದನ್ನು ದಲಿತರಲ್ಲದವರಿಗೆ ಮಾಡಿದ ಮಾರಾಟ ನಿಲ್ಲುವುದಿಲ್ಲ. ನಮ್ಮಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆ ಬಲ್ಲವರಿಗೆ ಇದರ ಗಾಂಭೀರ್ಯ ಬಿಡಿಸಿ ಹೇಳಬೇಕಿಲ್ಲ.

ಫ್ಲ್ಯಾಟಾದರೆ ನಿಮ್ಮ ಪಾಲಿಗೆ ಬರುವ ಅವಿಭಜಿತ ನೆಲ ಎಷ್ಟು ಚದರಡಿ ಎಂಬುದನ್ನು ಕ್ರಯಪತ್ರದಲ್ಲಿ ಓದಿ. ಅಲ್ಲಿ ಎಲ್ಲರೂ ಇದನ್ನು ಯುಡಿಎಸ್ ಎನ್ನುತ್ತಾರೆ. ಕಟ್ಟಡ ಹಳೆಯದಾದಷ್ಟೂ ಬೆಲೆ ಉಳಿಯುವುದು ಆ ನೆಲಕ್ಕೇ. ಎಲ್ಲರ ಪಾಲೂ ಕೂಡಿಸಿದರೆ ಒಟ್ಟು ನಿವೇಶನಕ್ಕಿಂತ ಹೆಚ್ಚಾಗುವಂತಿದ್ದರೆ ಅಲ್ಲೇ ನಿಲ್ಲಿಸಿ. ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ 2023ರ ಡಿಸೆಂಬರ್‌ನಿಂದ ನೆಲ, ಕಟ್ಟಡ ಸೇರಿಸಿ ಒಂದೇ ಪತ್ರವಾಗುತ್ತದೆ; 50 ಲಕ್ಷದವರೆಗೆ ಮುದ್ರಾಂಕ 4%, ನೋಂದಣಿ 2%. ಆದರೆ ಕೆಲಸ ಮುಗಿದ ಪ್ರಮಾಣಪತ್ರ ಬರುವ ಮೊದಲೇ ಕೊಂಡರೆ, ಬೆಲೆ 45 ಲಕ್ಷ ಮೀರಿದ ಫ್ಲ್ಯಾಟಿಗೆ 5% ಜಿಎಸ್‌ಟಿ ಬೀಳುತ್ತದೆ.

ಹೊಸೂರಿನ ಬೀದಿಯಲ್ಲಿ ಕನ್ನಡ, ತೆಲುಗು ಧಾರಾಳವಾಗಿ ನಡೆಯುತ್ತವೆ. ಹಳೆಯ ಪತ್ರಗಳು ಮಾತ್ರ ತಮಿಳಿನವು. ಅವನ್ನು ಓದಬಲ್ಲ, ಹೊಸೂರು ಅಥವಾ ಕೃಷ್ಣಗಿರಿ ನ್ಯಾಯಾಲಯದಲ್ಲಿ ವೃತ್ತಿ ಮಾಡುವ ವಕೀಲರನ್ನು ನೀವೇ ಹುಡುಕಿ. ಮಾರುವವರು ಕೊಡಿಸುವ ವಕೀಲರ ಅಭಿಪ್ರಾಯಕ್ಕೆ ಹಣ ಕೊಟ್ಟು ಫಲವಿಲ್ಲ.

ಬಾಡಿಗೆಯ ಕಾನೂನಿನಲ್ಲಿ ನಮ್ಮವರು ಹೆಚ್ಚು ಸೋಲುತ್ತಾರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿಯೂ ಸಿಗುತ್ತದೆಂದು ಎಣಿಸಬೇಡಿ. 2019ರ ಫೆಬ್ರುವರಿಯಿಂದ ಜಾರಿಯಲ್ಲಿರುವ ತಮಿಳುನಾಡಿನ ಬಾಡಿಗೆ ಕಾಯ್ದೆಯಂತೆ, ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಳ್ಳದಿದ್ದರೆ, ಮುಂಗಡ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಕರಾರು ಲಿಖಿತವಾಗಿಯೇ ಇರಬೇಕು; ಸಹಿಯಾದ 90 ದಿನಗಳೊಳಗೆ ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಹನ್ನೊಂದು ತಿಂಗಳಿಗೆ ಬರೆದರೆ ಇದರಿಂದ ತಪ್ಪಿಸಿಕೊಳ್ಳಬಹುದು ಎಂಬುದು ತಪ್ಪು ತಿಳಿವಳಿಕೆ. ಕರಾರನ್ನು ಕರ್ನಾಟಕದ ಇ-ಸ್ಟ್ಯಾಂಪ್ ಮೇಲೆ ಬರೆಯಬೇಡಿ. ಆಸ್ತಿ ಇರುವ ರಾಜ್ಯದ ಮುದ್ರಾಂಕ ಬೇಕು. ನೋಂದಣಿಯಾಗದ ಕರಾರು ಹಿಡಿದು ಬಾಡಿಗೆದಾರರನ್ನು ತೆರವು ಮಾಡಿಸಲು ಹೋದಾಗ ಕೈ ಕಟ್ಟಿದಂತಾಗುತ್ತದೆ. ಸಿಟ್ಟಿಗೆ ನೀರು, ಕರೆಂಟ್ ಕಡಿಸುವುದು ಅದೇ ಕಾಯ್ದೆಯ ಉಲ್ಲಂಘನೆ.

ಕೈಯಲ್ಲಿ ಸಾಮಾನ್ಯವಾಗಿ ಮೂರೇ ತಿಂಗಳ ಮುಂಗಡ ಇರುವುದರಿಂದ ಮನೆ ಬಿಡುವ ದಿನದ ಲೆಕ್ಕ ಬಿಗಿಯಾಗಿರಬೇಕು. ಅಲ್ಲಿ ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತದೆ. ಬೆಸ್ಕಾಂನ ತಿಂಗಳ ಬಿಲ್ಲಿಗೆ ಒಗ್ಗಿದ ಮಾಲೀಕರು ಮುಂಗಡವನ್ನೆಲ್ಲ ಹಿಂತಿರುಗಿಸಿ ಕಳಿಸಿಬಿಡುತ್ತಾರೆ. ಮುಂದಿನ ತಿಂಗಳು ಬಿಲ್ ಬಂದಾಗ ಹಳೆಯ ಬಾಡಿಗೆದಾರರ ಫೋನು ಬದಲಾಗಿರುತ್ತದೆ. ಬೀಗದಕೈ ಪಡೆಯುವ ದಿನವೇ ಮೀಟರಿನ ಫೋಟೊ ತೆಗೆದು, ಯೂನಿಟ್ ಲೆಕ್ಕ ಹಾಕಿ, ಆ ಮೊತ್ತ ಹಿಡಿದುಕೊಂಡು ಉಳಿದದ್ದನ್ನು ಕೊಡಿ. ಹೊಸೂರು ಪಾಲಿಕೆಯ ಆಸ್ತಿ ತೆರಿಗೆ ಅರ್ಧ ವರ್ಷಕ್ಕೊಮ್ಮೆ. ಅರ್ಧವಾರ್ಷಿಕ ಅವಧಿಯ ಮೊದಲ 30 ದಿನದೊಳಗೆ ಕಟ್ಟಿದರೆ 5% ರಿಯಾಯಿತಿ ಇದೆ.

ಕರಾರಿನಲ್ಲಿ ಮನೆಯಲ್ಲಿ ಎಷ್ಟು ಜನ ಇರುತ್ತಾರೆ ಎಂದು ಬರೆಯಿರಿ. ಒಬ್ಬರ ಹೆಸರಿಗೆ ಮನೆ ಪಡೆದು ಎಂಟು ಹತ್ತು ಮಂದಿ ಪಾಳಿ ಕೆಲಸಗಾರರು ಸೇರಿಕೊಂಡರೆ ಮೊದಲು ಕೆಡುವುದು ಸ್ನಾನದ ಮನೆ. ಸದಾ ಒದ್ದೆಯಾದ ನೆಲದಲ್ಲಿ ಟೈಲ್ಸ್ ನಡುವಿನ ಗ್ರೌಟ್ ಕಿತ್ತು, ನಹಾನಿ ಟ್ರ್ಯಾಪಿನ (ನೆಲದಲ್ಲಿ ನೀರು ಹೋಗುವ ಕಿಂಡಿಯ) ಅಂಚಿನಿಂದ ನೀರಿಳಿದು ಕೆಳಮನೆಯ ಚಾವಣಿಯಲ್ಲಿ ಕಾಣಿಸಿಕೊಳ್ಳುತ್ತದೆ. ದೂರದಲ್ಲಿರುವ ಮಾಲೀಕರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಎರಡು ಮನೆಯ ರಿಪೇರಿ ಆಗಿರುತ್ತದೆ. ಕೊಳ್ಳುವ ಮೊದಲೇ ಟ್ರ್ಯಾಪ್ ಮುಚ್ಚಿಸಿ, ಎರಡು ಅಂಗುಲ ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಮನೆಯಿಂದ ನೋಡಿ.

ಮನೆ ನೋಡಲು ಭಾನುವಾರ ಮಧ್ಯಾಹ್ನ ಹೋಗಬೇಡಿ. ಕೆಲಸದ ದಿನ ರಾತ್ರಿ ಎಂಟಕ್ಕೆ ಕಟ್ಟಡದ ಎದುರು ನಿಂತು ದೀಪ ಹತ್ತಿದ ಕಿಟಕಿಗಳನ್ನು ಎಣಿಸಿ. ಅರ್ಧಕ್ಕರ್ಧ ಕತ್ತಲಿದ್ದರೆ ನಿಮ್ಮ ಮನೆಯೂ ಅದೇ ಸಾಲಿಗೆ ಸೇರಬಹುದು. ಮಾರ್ಚ್‌ನಿಂದ ಮೇವರೆಗಿನ ಟ್ಯಾಂಕರ್ ಬಿಲ್ ತೋರಿಸಲು ಸಂಘದವರನ್ನು ಕೇಳಿ. ಹೊಗೇನಕಲ್ ಯೋಜನೆಯ ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್‌ವೆಲ್ ಬೇಸಿಗೆ ತಡೆಯುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ನೀರಿಲ್ಲದ ಮನೆಯಲ್ಲಿ ಕುಟುಂಬಗಳು ಎರಡನೇ ಬೇಸಿಗೆ ಕಾಯುವುದಿಲ್ಲ.

ಮನೆ ನೋಡಿಕೊಳ್ಳಲು ಯಾರನ್ನೇ ನೇಮಿಸಿ, ಬಾಡಿಗೆ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ. ಅಧಿಕಾರ ಪತ್ರ ಕೊಡಲೇಬೇಕಾದರೆ ಬಾಡಿಗೆಗೆ ಕೊಡುವುದು, ರಿಪೇರಿ, ತೆರಿಗೆ ಕಟ್ಟುವುದು ಇಷ್ಟಕ್ಕೇ ಸೀಮಿತಗೊಳಿಸಿ. ಮಾರುವ ಅಧಿಕಾರ ಅದರಲ್ಲಿ ಇರಕೂಡದು. ವಿದೇಶದಲ್ಲಿರುವ ಕನ್ನಡಿಗರು ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದ ಪತ್ರಕ್ಕೆ, ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕು. ಮಾಲೀಕರು ಅನಿವಾಸಿಗಳಾದರೆ ಬಾಡಿಗೆ ಎಷ್ಟೇ ಸಣ್ಣದಿರಲಿ, ಬಾಡಿಗೆದಾರರು ಮೂಲದಲ್ಲೇ ತೆರಿಗೆ ಕಡಿದು ಕಟ್ಟಬೇಕಾಗುತ್ತದೆ. ಇದನ್ನು ಕರಾರಿಗೆ ಮೊದಲೇ ಹೇಳದಿದ್ದರೆ ಆಮೇಲೆ ಜಗಳ.

ಕೊನೆಯದಾಗಿ ಪತ್ರಿಕೆಗಳಲ್ಲಿ ಒಂದು ವಿನಂತಿ. 500 ಚದರ ಮೀಟರ್ ಮೀರಿದ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇರುವ ಯೋಜನೆ ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ, ಪ್ರಾಧಿಕಾರದ ಜಾಲತಾಣ ಎದ್ದು ಕಾಣುವಂತೆ ಇರಬೇಕೆಂದು 2016ರ ಕಾಯ್ದೆಯೇ ಹೇಳುತ್ತದೆ. ನೋಂದಾಯಿತ ಒಪ್ಪಂದವಿಲ್ಲದೆ ಬೆಲೆಯ 10% ಮೀರಿ ಹಣ ಪಡೆಯುವುದನ್ನೂ ಅದು ತಡೆಯುತ್ತದೆ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿದ್ದರೂ ಹೊಸೂರಿನ ಯೋಜನೆಯ ದೂರು ಕರ್ನಾಟಕ ರೇರಾದಲ್ಲಿ ನಡೆಯುವುದಿಲ್ಲ, ತಮಿಳುನಾಡಿನ ಪ್ರಾಧಿಕಾರಕ್ಕೇ ಹೋಗಬೇಕು. ‘ಬೆಂಗಳೂರಿಗೆ ಹೊಂದಿಕೊಂಡೇ’ ಎಂದು ದೊಡ್ಡಕ್ಷರದಲ್ಲಿ ಅಚ್ಚಾಗುವ ಜಾಹೀರಾತುಗಳಲ್ಲಿ ಯೋಜನೆ ಯಾವ ರಾಜ್ಯದ್ದು, ಯಾವ ರೇರಾದ ಸಂಖ್ಯೆ ಎಂಬುದೂ ಅಷ್ಟೇ ದೊಡ್ಡದಾಗಿ ಇರಲಿ. ಎರಡು ಮೂರು ವರ್ಷ ‘ಖಚಿತ ಬಾಡಿಗೆ’ ಕೊಡುತ್ತೇವೆ ಎನ್ನುವವರ ಮನೆಯ ಬೆಲೆಯನ್ನು ಪಕ್ಕದ ಕಟ್ಟಡದ ದರದೊಡನೆ ಓದುಗರು ಹೋಲಿಸಿ ನೋಡಲಿ; ಆ ಬಾಡಿಗೆ ಬಹಳ ಸಲ ಬೆಲೆಯಲ್ಲೇ ಸೇರಿರುತ್ತದೆ. ಸಂಖ್ಯೆಯಿಲ್ಲದ ಜಾಹೀರಾತನ್ನು ಪತ್ರಿಕೆಗಳು ಸ್ವೀಕರಿಸದಿದ್ದರೆ ಮೊದಲ ಸಲ ಮನೆ ಕೊಳ್ಳುವ ಎಷ್ಟೋ ಕುಟುಂಬಗಳ ಉಳಿತಾಯ ಉಳಿಯುತ್ತದೆ.

— ಆಸ್ತಿ ದಾಖಲೆ ಪರಿಶೀಲನೆ, ಬಾಡಿಗೆ ನಿರ್ವಹಣೆಯ ಕೆಲಸದಲ್ಲಿರುವ ಓದುಗರು, ಅತ್ತಿಬೆಲೆ